ಸಿ ಭಾಷೆಯ ಅಪೂರ್ಣ ಟೈಪ್‌ಗಳು

ಗಾತ್ರ ಲೆಕ್ಕ ಹಾಕಲು ಬೇಕಾದ ವಿವರ ಕಂಪೈಲರ್‌ಗೆ ಇನ್ನೂ ಸಿಗದಿರುವ ಟೈಪ್ ಅನ್ನು ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಪೂರ್ಣ ಟೈಪ್ ಎನ್ನುತ್ತಾರೆ. ಸದಸ್ಯರ ಪಟ್ಟಿ ಬಾರದ ಸ್ಟ್ರಕ್ಟ್ ಮತ್ತು ಯೂನಿಯನ್, ಉದ್ದ ಹೇಳದ ಅರೇ, ವಾಯ್ಡ್ ಇವೆಲ್ಲ ಈ ಗುಂಪಿನವು. ಉಳಿದವನ್ನು ಮುಂದೆ ಪೂರ್ಣಗೊಳಿಸಬಹುದು. ವಾಯ್ಡ್ ಮಾತ್ರ ಎಂದಿಗೂ ಅಪೂರ್ಣ.

‘ಸ್ಟ್ರಕ್ಟ್ ನೋಡ್’ ಎಂದು ಬರೆದು ಸೆಮಿಕೋಲನ್ ಹಾಕಿದರೆ ಅದು ಫಾರ್ವರ್ಡ್ ಡಿಕ್ಲರೇಶನ್, ಅಂದರೆ ಮುಂಗಡ ಘೋಷಣೆ. ಅಲ್ಲಿಂದ ಮುಂದೆ ಆ ಟೈಪ್‌ಗೆ ಪಾಯಿಂಟರ್ ಮಾಡಿಕೊಳ್ಳಬಹುದು. ಆದರೆ ವೇರಿಯೇಬಲ್ ಸೃಷ್ಟಿಸುವಂತಿಲ್ಲ, ಸೈಜ್‌ಆಫ್ ಕೇಳುವಂತಿಲ್ಲ, ಸದಸ್ಯರನ್ನು ಮುಟ್ಟುವಂತಿಲ್ಲ. ಪಾಯಿಂಟರ್‌ಗೆ ಮಾತ್ರ ಈ ರಿಯಾಯಿತಿ ಏಕೆ? ಎಲ್ಲ ಸ್ಟ್ರಕ್ಟ್ ಪಾಯಿಂಟರ್‌ಗಳೂ ಮೆಮೊರಿಯಲ್ಲಿ ಒಂದೇ ರೂಪದಲ್ಲಿರಬೇಕೆಂದು ಸಿ ಮಾನದಂಡ ವಿಧಿಸುತ್ತದೆ. ಹೀಗಾಗಿ ಒಳಗೇನಿದೆ ಎಂದು ತಿಳಿಯದೆಯೂ ಕಂಪೈಲರ್ ಪಾಯಿಂಟರ್‌ಗೆ ಜಾಗ ಕೊಡಬಲ್ಲದು. ಲಿಂಕ್ಡ್ ಲಿಸ್ಟ್ ಸಾಧ್ಯವಾಗಿರುವುದೂ ಇದರಿಂದಲೇ: ಮುಚ್ಚುವ ಪುಷ್ಪಾವರಣ ಬರುವ ತನಕ ನೋಡ್ ಸ್ವತಃ ಅಪೂರ್ಣ, ಆದ್ದರಿಂದ ಅದು ತನ್ನೊಳಗೆ ಇನ್ನೊಂದು ನೋಡ್ ಅನ್ನು ಇಟ್ಟುಕೊಳ್ಳಲಾರದು, ಅದರ ವಿಳಾಸವನ್ನು ಇಟ್ಟುಕೊಳ್ಳಬಲ್ಲದು.

ಘೋಷಣೆ ಎಲ್ಲಿದೆ ಎಂಬುದೂ ಮುಖ್ಯ. ಮೊದಲೇ ಘೋಷಿಸದ ಸ್ಟ್ರಕ್ಟ್ ಹೆಸರನ್ನು ಫಂಕ್ಷನ್ ಘೋಷಣೆಯ ಪ್ಯಾರಾಮೀಟರ್ ಪಟ್ಟಿಯಲ್ಲೇ ಮೊದಲ ಸಲ ಬರೆದರೆ ಅದರ ವ್ಯಾಪ್ತಿ ಆ ಪಟ್ಟಿಯೊಂದಿಗೇ ಮುಗಿಯುತ್ತದೆ. ಕೆಳಗೆ ಅದೇ ಹೆಸರಿನಲ್ಲಿ ಬರುವ ಸ್ಟ್ರಕ್ಟ್ ಬೇರೆಯೇ ಟೈಪ್ ಆಗಿಬಿಡುತ್ತದೆ. ಜಿಸಿಸಿ ಕಂಪೈಲರ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ; ಅದನ್ನು ಕಡೆಗಣಿಸಬಾರದು. ಫೈಲ್‌ನ ಮೇಲ್ಭಾಗದಲ್ಲಿ ಒಂದು ಸಾಲಿನ ಘೋಷಣೆ ಹಾಕಿದರೆ ತೊಂದರೆ ನೀಗುತ್ತದೆ.

ಅಪೂರ್ಣ ಟೈಪ್‌ನ ನಿಜವಾದ ಸೊಗಸು ಕಾಣುವುದು ಲೈಬ್ರರಿಗಳ ವಿನ್ಯಾಸದಲ್ಲಿ. ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಸಾರ್ವಜನಿಕ ಹೆಡರ್ ಫೈಲ್, ಸಂಪರ್ಕದ ಸ್ಟ್ರಕ್ಟ್ ಅನ್ನು ಹೆಸರಿಸುತ್ತದೆ ಅಷ್ಟೆ. ಸದಸ್ಯರ ಪಟ್ಟಿ ಲೈಬ್ರರಿಯ ಒಳ ಹೆಡರ್‌ನಲ್ಲಿದೆ. ಬಳಕೆದಾರರ ಕೋಡ್ ಒಳಗಿನ ಸದಸ್ಯರನ್ನು ನೆಚ್ಚಿಕೊಂಡಿರದ ಕಾರಣ, ಹೊಸ ಆವೃತ್ತಿಯಲ್ಲಿ ಸದಸ್ಯರು ಹೆಚ್ಚಿದರೂ ಆ ಕೋಡ್ ಅನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. ಇದಕ್ಕೆ ಬೆಲೆಯೂ ಇದೆ. ಬಳಕೆದಾರರು ಆ ಸ್ಟ್ರಕ್ಟ್ ಅನ್ನು ತಮ್ಮ ಸ್ಟ್ಯಾಕ್‌ನಲ್ಲಿ ನೇರವಾಗಿ ಇಡಲಾರರು. ತೆರೆಯುವುದಕ್ಕೂ ಮುಚ್ಚುವುದಕ್ಕೂ ಲೈಬ್ರರಿಯ ಫಂಕ್ಷನ್‌ಗಳನ್ನೇ ಕರೆಯಬೇಕು.

ಅಪೂರ್ಣ ಟೈಪ್‌ನ ಸದಸ್ಯರನ್ನು ಬಳಸಹೋದಾಗ ಬರುವ ಕಂಪೈಲರ್ ದೋಷಕ್ಕೆ ಬಹುಮಟ್ಟಿಗೆ ಕಾರಣ, ಸೇರಿಸಬೇಕಿದ್ದ ಹೆಡರ್ ಬಿಟ್ಟುಹೋಗಿರುವುದು ಅಥವಾ ಸ್ಟ್ರಕ್ಟ್ ಹೆಸರಿನ ಕಾಗುಣಿತ ತಪ್ಪಿರುವುದು. ಎರಡೂ ಸರಿಯಿದ್ದರೆ, ಲೈಬ್ರರಿಯೇ ಆ ವಿವರವನ್ನು ಬೇಕೆಂದು ಮರೆಮಾಡಿರುತ್ತದೆ. ಆಗ ಅದೇ ಹೆಡರ್‌ನಲ್ಲಿ ಆ ಕೆಲಸಕ್ಕಿರುವ ಫಂಕ್ಷನ್ ಹುಡುಕಬೇಕು.