ಬಿಸಿಲುಂಟು, ನೆಲವಿಲ್ಲ: ಪುಟ್ಟ ದ್ವೀಪರಾಷ್ಟ್ರಗಳ ಇಂಧನ ಸಂಕಟ

ಸುತ್ತ ಸಮುದ್ರ, ವರ್ಷವಿಡೀ ಬಿಸಿಲು, ಬಿಡದೆ ಬೀಸುವ ಗಾಳಿ. ಇಷ್ಟಿದ್ದರೂ ಮನೆಯಲ್ಲಿ ದೀಪ ಉರಿಯಬೇಕಾದರೆ ಡೀಸೆಲ್ ಹೊತ್ತ ಹಡಗು ಬರಲೇಬೇಕು. ಜಗತ್ತಿನ ಬಹುತೇಕ ಸಣ್ಣ ದ್ವೀಪರಾಷ್ಟ್ರಗಳು ದಶಕಗಳಿಂದ ಅನುಭವಿಸುತ್ತಿರುವ ವಿಪರ್ಯಾಸ ಇದು. ಈ ದೇಶಗಳಿಗೆ ಸೌರವಿದ್ಯುತ್ತೆಂಬುದು ಪರಿಸರ ಪ್ರೇಮದ ಪ್ರಶ್ನೆ ಮಾತ್ರವಲ್ಲ, ದಿನನಿತ್ಯದ ಬದುಕಿನ ಪ್ರಶ್ನೆಯೂ ಹೌದು.

1992ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ ನಡೆದ ಭೂಶೃಂಗಸಭೆಯು ಈ ದೇಶಗಳನ್ನು ಪ್ರತ್ಯೇಕ ಗುಂಪಾಗಿ ಗುರುತಿಸಿತು. 'ಅಭಿವೃದ್ಧಿಶೀಲ ಸಣ್ಣ ದ್ವೀಪರಾಷ್ಟ್ರಗಳು' ಎಂಬ ಈ ಪಟ್ಟಿಯಲ್ಲಿ 39 ರಾಷ್ಟ್ರಗಳಿವೆ. ಕೆರಿಬಿಯನ್, ಪೆಸಿಫಿಕ್, ಅಟ್ಲಾಂಟಿಕ್ ಹಾಗೂ ಹಿಂದೂ ಮಹಾಸಾಗರಗಳಲ್ಲಿ ಹರಡಿಕೊಂಡಿರುವ ಇವೆಲ್ಲ ಸೇರಿ ಹೊರಸೂಸುವ ಹಸಿರುಮನೆ ಅನಿಲ ಜಾಗತಿಕ ಪ್ರಮಾಣದ ಶೇ 1ರಷ್ಟೂ ಇಲ್ಲ. ಆದರೆ ಸಮುದ್ರಮಟ್ಟದ ಏರಿಕೆಯ ಪೆಟ್ಟು ಮೊದಲು ಬೀಳುವುದು ಇವುಗಳ ಮೇಲೆಯೇ.

ಡೀಸೆಲ್‌ನ ಹಂಗು

ನಮ್ಮ ನೆರೆಯ ಮಾಲ್ಡೀವ್ಸ್ ಇದಕ್ಕೆ ಸ್ಪಷ್ಟ ನಿದರ್ಶನ. ಸುಮಾರು 1,200 ಹವಳದ ದ್ವೀಪಗಳುಳ್ಳ ಈ ದೇಶದಲ್ಲಿ ಜನವಸತಿಯಿರುವುದು 180ಕ್ಕೂ ಹೆಚ್ಚು ದ್ವೀಪಗಳಲ್ಲಿ. ದ್ವೀಪದಿಂದ ದ್ವೀಪಕ್ಕೆ ಸಮುದ್ರದ ಮೇಲೆ ತಂತಿ ಎಳೆಯುವುದು ದುಸ್ಸಾಧ್ಯವಾದ್ದರಿಂದ ಒಂದೊಂದು ದ್ವೀಪಕ್ಕೂ ಅದರದೇ ಜನರೇಟರ್, ಅದರದೇ ಡೀಸೆಲ್ ಟ್ಯಾಂಕು. ಸಣ್ಣ ಜನರೇಟರ್‌ನಲ್ಲಿ ಒಂದು ಲೀಟರ್ ಡೀಸೆಲ್ ಸುಟ್ಟರೆ ದೊರೆಯುವುದು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಮಾತ್ರ. ಅದರ ಮೇಲೆ ಸಾಗಣೆಯ ವೆಚ್ಚ ಬೇರೆ.

ಪ್ರವಾಸೋದ್ಯಮ ಮತ್ತು ಮೀನುಗಾರಿಕೆಯಿಂದ ಗಳಿಸಿದ ವಿದೇಶಿ ವಿನಿಮಯದ ದೊಡ್ಡ ಪಾಲು ಹೀಗೆ ತೈಲದ ಖರೀದಿಗೆ ಹೋಗುತ್ತದೆ. 2008 ಮತ್ತು 2022ರಲ್ಲಿ ಆದಂತೆ ಕಚ್ಚಾತೈಲದ ಬೆಲೆ ದಿಢೀರನೆ ಏರಿದರೆ, ಒಂದೋ ಜನರು ದುಬಾರಿ ಬಿಲ್ ಕಟ್ಟಬೇಕು, ಇಲ್ಲವೇ ಸರ್ಕಾರ ಸಬ್ಸಿಡಿಯ ಹೊರೆ ಹೊರಬೇಕು.

ವಿದ್ಯುತ್ ಇಲ್ಲದಿದ್ದರೆ ಅಲ್ಲಿ ಕುಡಿಯುವ ನೀರೂ ಇಲ್ಲ. ರಾಜಧಾನಿ ಮಾಲೆ ನಗರವು ಸಮುದ್ರದ ಉಪ್ಪುನೀರನ್ನು ಸಿಹಿನೀರಾಗಿಸುವ ಘಟಕವನ್ನೇ ನೆಚ್ಚಿಕೊಂಡಿದೆ. 2014ರ ಡಿಸೆಂಬರ್ 4ರಂದು ಆ ಘಟಕದಲ್ಲಿ ಬೆಂಕಿ ಅನಾಹುತ ಸಂಭವಿಸಿ, ನಗರದ ಸುಮಾರು ಒಂದು ಲಕ್ಷ ಜನರಿಗೆ ನೀರು ನಿಂತುಹೋಯಿತು. ಭಾರತೀಯ ವಾಯುಪಡೆಯ ವಿಮಾನಗಳು ಮತ್ತು ನೌಕಾಪಡೆಯ ಐಎನ್‌ಎಸ್ ಸುಕನ್ಯಾ, ಐಎನ್‌ಎಸ್ ದೀಪಕ್ ಹಡಗುಗಳು ಆಗ ಅಲ್ಲಿಗೆ ನೀರು ಹೊತ್ತು ಧಾವಿಸಿದ್ದವು. ಒಂದೇ ಯಂತ್ರ, ಒಂದೇ ಇಂಧನವನ್ನು ನಂಬಿದ ನಗರ ಎಷ್ಟು ದುರ್ಬಲ ಎಂಬುದಕ್ಕೆ ಆ ದಿನಗಳು ಸಾಕ್ಷಿಯಾದವು.

ಘೋಷಣೆ ಮತ್ತು ವಾಸ್ತವ

2009ರ ಮಾರ್ಚ್‌ನಲ್ಲಿ ಅಂದಿನ ಅಧ್ಯಕ್ಷ ಮೊಹಮದ್ ನಶೀದ್, ಹತ್ತು ವರ್ಷಗಳಲ್ಲಿ ಮಾಲ್ಡೀವ್ಸ್ ಅನ್ನು ಇಂಗಾಲಮುಕ್ತ ದೇಶವನ್ನಾಗಿಸುವುದಾಗಿ ಘೋಷಿಸಿದರು. ಅದೇ ವರ್ಷ ಅಕ್ಟೋಬರ್ 17ರಂದು ಅವರು ಸಮುದ್ರದಡಿಯಲ್ಲಿ ಸಚಿವ ಸಂಪುಟದ ಸಭೆ ನಡೆಸಿ ವಿಶ್ವದ ಗಮನ ಸೆಳೆದರು. ಆದರೆ 2012ರಲ್ಲಿ ನಶೀದ್ ಅಧಿಕಾರದಿಂದ ಇಳಿದರು. 2020 ಕಳೆಯಿತು, ಗುರಿ ಈಡೇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ಅಧ್ಯಕ್ಷ ಮೊಹಮದ್ ಮುಯಿಝು ಹೊಸ ಗುರಿ ಪ್ರಕಟಿಸಿದರು: 2028ರ ವೇಳೆಗೆ ಶೇ 33ರಷ್ಟು ವಿದ್ಯುತ್ ನವೀಕರಿಸಬಹುದಾದ ಮೂಲಗಳಿಂದ.

ಘೋಷಣೆಗಳಿಗಿಂತ ಹೆಚ್ಚಿನ ಪರಿಣಾಮ ಬೀರಿದ್ದು ಸಾಲದ ವ್ಯವಸ್ಥೆ. ಸೌರವಿದ್ಯುತ್ತಿನಲ್ಲಿ ವೆಚ್ಚವೆಲ್ಲ ಮೊದಲೇ ಆಗುತ್ತದೆ. ಆಮೇಲೆ ಬಿಸಿಲಿಗೆ ಬೆಲೆ ಕೊಡಬೇಕಿಲ್ಲ. ಆದ್ದರಿಂದ ಬಡ್ಡಿ ದರವೇ ವಿದ್ಯುತ್ತಿನ ದರವನ್ನು ನಿರ್ಧರಿಸುತ್ತದೆ. ಸಣ್ಣ ದೇಶದ ಸರ್ಕಾರ ಸಕಾಲಕ್ಕೆ ಹಣ ಪಾವತಿಸೀತೇ ಎಂಬ ಅಂಜಿಕೆಯಿಂದ ಹೂಡಿಕೆದಾರರು ಹೆಚ್ಚು ದರ ಕೇಳುತ್ತಾರೆ. ಮಾಲ್ಡೀವ್ಸ್‌ನಲ್ಲಿ ವಿಶ್ವಬ್ಯಾಂಕ್ ಈ ಅಪಾಯಕ್ಕೆ ಖಾತರಿ ನಿಂತಿತು. 2014ರಲ್ಲಿ ಯೂನಿಟ್‌ಗೆ 21 ಅಮೆರಿಕನ್ ಸೆಂಟ್ ಇದ್ದ ಸೌರವಿದ್ಯುತ್ ದರ 2020ರಲ್ಲಿ 10.9 ಸೆಂಟ್‌ಗೆ, ಮುಂದಿನ ಟೆಂಡರ್‌ನಲ್ಲಿ 10 ಸೆಂಟ್‌ಗಿಂತಲೂ ಕೆಳಗೆ ಇಳಿಯಿತು. ಜಗತ್ತಿನಾದ್ಯಂತ ಸೌರಫಲಕಗಳು ಅಗ್ಗವಾದದ್ದು ಒಂದು ಕಾರಣವಾದರೆ, ಹೂಡಿಕೆದಾರರ ಭಯ ತಗ್ಗಿದ್ದು ಇನ್ನೊಂದು.

ನೆಲದ ಲೆಕ್ಕ

ಬಿಸಿಲಿಗೆ ಕೊರತೆಯಿಲ್ಲದ ಈ ದೇಶಗಳಿಗೆ ನೆಲದ ಕೊರತೆಯಿದೆ. ಕನ್ನಡಿಗರಿಗೆ ಇದನ್ನು ತಿಳಿಯಲು ಪಾವಗಡದ ಉದಾಹರಣೆ ಸಾಕು. ತುಮಕೂರು ಜಿಲ್ಲೆಯ ಈ ಸೌರ ಉದ್ಯಾನ ಸುಮಾರು 2,000 ಮೆಗಾವಾಟ್ ಸಾಮರ್ಥ್ಯದ್ದು. ಇದಕ್ಕಾಗಿ ರೈತರಿಂದ ಗುತ್ತಿಗೆ ಪಡೆದ ಭೂಮಿ ಸುಮಾರು 13,000 ಎಕರೆ, ಅಂದರೆ ಹೆಚ್ಚುಕಡಿಮೆ 53 ಚದರ ಕಿಲೋಮೀಟರ್. ಪೆಸಿಫಿಕ್ ಸಾಗರದ ತುವಾಲು ದೇಶದ ಒಟ್ಟು ಭೂಭಾಗವೇ 26 ಚದರ ಕಿಲೋಮೀಟರ್. ನಮ್ಮ ಒಂದು ಸೌರ ಉದ್ಯಾನದ ಅರ್ಧದಷ್ಟು ನೆಲದಲ್ಲಿ ಅಲ್ಲಿ ಸುಮಾರು 11,000 ಜನರ ಮನೆ, ಶಾಲೆ, ವಿಮಾನ ನಿಲ್ದಾಣ, ತೆಂಗಿನ ತೋಟ ಎಲ್ಲವೂ ಆಗಬೇಕು.

ಹೀಗಾಗಿ ದ್ವೀಪವಾಸಿಗಳು ನೆಲ ಬಿಟ್ಟು ಬೇರೆ ಜಾಗ ಹುಡುಕುತ್ತಿದ್ದಾರೆ. ತುವಾಲು ರಾಜಧಾನಿ ಫುನಾಫುಟಿಯಲ್ಲಿ 2008ರಲ್ಲಿ 40 ಕಿಲೋವಾಟ್‌ನ ಸೌರಘಟಕ ಸ್ಥಾಪನೆಯಾದದ್ದು ಫುಟ್‌ಬಾಲ್ ಮೈದಾನದ ಚಾವಣಿಯ ಮೇಲೆ. ಮಾಲ್ಡೀವ್ಸ್‌ನಲ್ಲಿ ಸರ್ಕಾರಿ ಕಟ್ಟಡಗಳ ಚಾವಣಿಗಳೂ ಹುಲ್ಹುಮಾಲೆಯ ರಸ್ತೆಯ ಬದಿಯೂ ಬಳಕೆಯಾಗಿವೆ. ಕೆಲವು ವಿಹಾರಧಾಮಗಳು ಹವಳದ ದಿಬ್ಬಗಳೊಳಗಿನ ಶಾಂತ ನೀರಿನಲ್ಲಿ ತೇಲುವ ಸೌರಫಲಕಗಳನ್ನು ಅಳವಡಿಸಿಕೊಂಡಿವೆ.

ರಾತ್ರಿಗೇನು ದಾರಿ?

ಎರಡನೆಯ ತೊಡಕು ಸಂಗ್ರಹಣೆಯದು. ದೊಡ್ಡ ದೇಶದಲ್ಲಿ ಒಂದೆಡೆ ಮೋಡ ಕವಿದರೆ ಇನ್ನೊಂದೆಡೆಯಿಂದ ವಿದ್ಯುತ್ ತರಬಹುದು. ಪುಟ್ಟ ದ್ವೀಪದಲ್ಲಿ ಒಂದು ಮೋಡ ಹಾದುಹೋದರೆ ಇಡೀ ಜಾಲದ ಉತ್ಪಾದನೆ ಕ್ಷಣಾರ್ಧದಲ್ಲಿ ಕುಸಿಯುತ್ತದೆ. ಆದ್ದರಿಂದ ಅಲ್ಲಿ ಬ್ಯಾಟರಿ ಇಲ್ಲದ ಸೌರವಿದ್ಯುತ್ ಅರ್ಧ ಪರಿಹಾರ ಮಾತ್ರ.

ಇದನ್ನು ಮೊದಲು ಸಾಧಿಸಿ ತೋರಿಸಿದವರಲ್ಲಿ ಟೊಕೆಲಾವು ಒಂದು. ನ್ಯೂಜಿಲೆಂಡ್ ಆಡಳಿತಕ್ಕೊಳಪಟ್ಟ ಈ ಪ್ರದೇಶ ಸ್ವತಂತ್ರ ರಾಷ್ಟ್ರವಲ್ಲ. ಮೂರು ಹವಳದ ದ್ವೀಪಸಮೂಹಗಳಲ್ಲಿ ಇರುವವರು ಸುಮಾರು 1,500 ಜನ. 2012ರಲ್ಲಿ ಅಲ್ಲಿ 4,032 ಸೌರಫಲಕಗಳನ್ನೂ 1,344 ಬ್ಯಾಟರಿಗಳನ್ನೂ ಅಳವಡಿಸಿ, ಬಹುಪಾಲು ವಿದ್ಯುತ್ತನ್ನು ಬಿಸಿಲಿನಿಂದಲೇ ಪಡೆಯುವ ವ್ಯವಸ್ಥೆ ಮಾಡಲಾಯಿತು. ಹಳೆಯ ಜನರೇಟರ್‌ಗಳನ್ನು ಮೋಡ ಕವಿದ ದಿನಗಳಿಗೆಂದು ಉಳಿಸಿಕೊಳ್ಳಲಾಯಿತು. ಅನೇಕ ದ್ವೀಪಗಳು ಇಂದು ಅನುಸರಿಸುತ್ತಿರುವುದೂ ಇದೇ ಮಿಶ್ರ ಪದ್ಧತಿಯನ್ನು.

ಮೂರನೆಯದು ನಿರ್ವಹಣೆ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಸೆಖೆಗೆ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ. ಒಂದು ಬಿಡಿಭಾಗ ಕೆಟ್ಟರೆ ಹಡಗಿಗಾಗಿ ವಾರಗಟ್ಟಲೆ ಕಾಯಬೇಕಾಗಬಹುದು. ದಾನಿ ದೇಶಗಳು ಯಂತ್ರಗಳನ್ನು ಕೊಟ್ಟರೆ ಸಾಲದು. ದುರಸ್ತಿ ಬಲ್ಲ ಸ್ಥಳೀಯ ಕೈಗಳೂ ಹಳೆಯ ಬ್ಯಾಟರಿ ಬದಲಿಸಲು ಮೀಸಲು ನಿಧಿಯೂ ಬೇಕು. ಚಂಡಮಾರುತದ ಭೀತಿ ಇದಕ್ಕೆ ಸೇರುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ 'ಮರಿಯಾ' ಚಂಡಮಾರುತ ಕೆರಿಬಿಯನ್‌ನ ಡೊಮಿನಿಕಾ ದೇಶದ ವಿದ್ಯುತ್ ಜಾಲವನ್ನೇ ನೆಲಕ್ಕುರುಳಿಸಿತ್ತು.

ಬಿಸಿಲೊಂದೇ ಅಲ್ಲ

ಎಲ್ಲ ದ್ವೀಪಗಳಿಗೂ ಒಂದೇ ಮದ್ದು ಒಗ್ಗುವುದಿಲ್ಲ. ಪಶ್ಚಿಮ ಆಫ್ರಿಕಾ ಕರಾವಳಿಯಾಚೆಯ ಕೇಪ್ ವರ್ಡಿ 2011ರ ಸುಮಾರಿಗೆ ನಾಲ್ಕು ದ್ವೀಪಗಳಲ್ಲಿ ಒಟ್ಟು 25.5 ಮೆಗಾವಾಟ್‌ನ ಗಾಳಿಯಂತ್ರಗಳನ್ನು ನಿಲ್ಲಿಸಿತು. ಬೆಟ್ಟಗುಡ್ಡಗಳಿರುವ ಫಿಜಿ ದೇಶ 1980ರ ದಶಕದಿಂದಲೂ ಮೊನಸಾವು ಜಲವಿದ್ಯುತ್ ಯೋಜನೆಯನ್ನು ಅವಲಂಬಿಸಿದೆ. ಭಾರತೀಯ ಮೂಲದವರೇ ಬಹುಸಂಖ್ಯಾತರಾಗಿರುವ ಮಾರಿಷಸ್‌ನ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತಯಾರಿಸುತ್ತವೆ. ನಮ್ಮ ರಾಜ್ಯದ ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕಗಳಲ್ಲಿ ನಡೆಯುವುದೂ ಇದೇ. ಆದರೆ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಮಾರಿಷಸ್‌ನ ಅದೇ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತಾ ಬಂದಿದೆ ಎಂಬುದನ್ನೂ ಗಮನಿಸಬೇಕು.

ಭಾರತದ ಪಾತ್ರ

2015ರ ನವೆಂಬರ್ 30ರಂದು ಪ್ಯಾರಿಸ್ ಸಮ್ಮೇಳನದ ವೇಳೆ ಭಾರತ ಮತ್ತು ಫ್ರಾನ್ಸ್ ಜಂಟಿಯಾಗಿ ಅಂತರರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದವು. ಗುರುಗ್ರಾಮದಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಒಕ್ಕೂಟದಲ್ಲಿ ಅನೇಕ ದ್ವೀಪರಾಷ್ಟ್ರಗಳು ಸದಸ್ಯತ್ವ ಪಡೆದಿವೆ. ದ್ವೀಪಗಳ ಮೂಲಸೌಕರ್ಯವನ್ನು ವಿಪತ್ತು ತಾಳುವಂತೆ ಬಲಪಡಿಸುವ ಇನ್ನೊಂದು ಯೋಜನೆಗೆ 2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಚಾಲನೆ ನೀಡಲಾಯಿತು.

ಇಷ್ಟಾದರೂ ಒಂದು ಸತ್ಯವನ್ನು ಮರೆಯುವಂತಿಲ್ಲ. ದ್ವೀಪಗಳು ತಮ್ಮ ಕೊನೆಯ ಜನರೇಟರ್ ಆರಿಸಿದರೂ ಸಮುದ್ರದ ಏರಿಕೆ ನಿಲ್ಲದು. ಅದನ್ನು ನಿಲ್ಲಿಸುವ ಶಕ್ತಿ ಇರುವುದು ಹೆಚ್ಚು ಹೊಗೆ ಉಗುಳುವ ದೊಡ್ಡ ದೇಶಗಳ ಕೈಯಲ್ಲಿ. 2024ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ವರ್ಷಕ್ಕೆ 280 ಮಂದಿ ತುವಾಲು ಪ್ರಜೆಗಳಿಗೆ ಆಸ್ಟ್ರೇಲಿಯಾ ನೆಲೆ ನೀಡುತ್ತದೆ. 2025ರ ಮೊದಲ ಸುತ್ತಿನಲ್ಲೇ ಕುಟುಂಬದವರೂ ಸೇರಿ 8,000ಕ್ಕೂ ಹೆಚ್ಚು ಮಂದಿಯ ಹೆಸರು ನೋಂದಣಿಯಾಯಿತು.

ಹಾಗೆಂದು ಸೌರಫಲಕಗಳು ವ್ಯರ್ಥವೇನಲ್ಲ. ಉಳಿದ ಡೀಸೆಲ್ ಹಣ ಶಾಲೆಗೆ, ಆಸ್ಪತ್ರೆಗೆ, ಕಡಲ ತಡೆಗೋಡೆಗೆ ಒದಗುತ್ತದೆ. ತೈಲದ ಹಡಗು ತಡವಾದ ದಿನವೂ ನಲ್ಲಿಯಲ್ಲಿ ನೀರು ಬರುವಂತಾಗುತ್ತದೆ. ಹುಟ್ಟಿದ ನೆಲದಲ್ಲೇ ಬಾಳಬೇಕೆನ್ನುವ ದ್ವೀಪವಾಸಿಗಳಿಗೆ ಅಷ್ಟಾದರೂ ಕಾಲಾವಕಾಶ ದೊರೆಯುತ್ತದೆ.