ಹುಕ್ಕೇರಿಯ ವಿದ್ಯುತ್ ಸಹಕಾರ: ಸ್ವಹಿತ ಮತ್ತು ಸಂಘಹಿತ

ಕರ್ನಾಟಕದ ಸಹಕಾರ ಚಳುವಳಿಯ ಇತಿಹಾಸವನ್ನು ವಿವೇಚಿಸುವವರು ಸಾಮಾನ್ಯವಾಗಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಪತ್ತಿನ ಸಂಘದಿಂದ ಆರಂಭಿಸುತ್ತಾರೆ. ಅಂಥ ಸಂಘದಲ್ಲಿ ಮುಖ್ಯವಾಗಿ ಸಮನ್ವಯಗೊಳ್ಳಬೇಕಾದ ಹಿತಗಳು ಎರಡು: ಸದಸ್ಯನದು ಮತ್ತು ಸಂಘದ್ದು. ಆದರೆ ಸಂಘವೇ ಇತರ ಸಂಸ್ಥೆಗಳನ್ನು ಅವಲಂಬಿಸಿ ನಡೆಯಬೇಕಾದಾಗ ಈ ಸಮನ್ವಯವು ಎಷ್ಟು ಕಠಿಣವಾಗುತ್ತದೆಂಬುದನ್ನು ಹುಕ್ಕೇರಿಯ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಘಟಪ್ರಭೆಯ ಕಣಿವೆಗೆ ಯಂತ್ರಶಕ್ತಿ ಹೊಸದಲ್ಲ. ಗೋಕಾಕ ಜಲಪಾತದ ನೀರಿನ ಬಲವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅಲ್ಲಿಯ ನೂಲಿನ ಗಿರಣಿಯು ಬಳಸಿಕೊಂಡಿತು. ಆದರೆ ಆ ಶಕ್ತಿ ಒಂದು ಉದ್ಯಮದ ಸ್ವತ್ತಾಗಿತ್ತು. ಮುಂದೆ ಗೋಕಾಕ, ಮೂಡಲಗಿ ಪಟ್ಟಣಗಳು ಸರಕಾರಿ ವಿದ್ಯುನ್ಮಂಡಳಿಯ ಗ್ರಾಹಕರಾದವು. ನೆರೆಯ ಹುಕ್ಕೇರಿ ತಾಲೂಕು ಮಾತ್ರ ಬೇರೆ ದಾರಿ ಹಿಡಿಯಿತು.

1969ರಲ್ಲಿ ಕೇಂದ್ರ ಸರಕಾರವು ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಮಾದರಿಯಲ್ಲಿ ದೇಶದ ಐದು ಕಡೆ ಪ್ರಯೋಗಾರ್ಥ ಸಂಘಗಳು ಹುಟ್ಟಿದವು: ಹುಕ್ಕೇರಿ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತದ ಕೋಡಿನಾರ, ಅಂದಿನ ಆಂಧ್ರದ ಸಿರಿಸಿಲ್ಲ ಹಾಗೂ ಉತ್ತರ ಪ್ರದೇಶದ ಲಖನೌ. ಕರ್ನಾಟಕದಲ್ಲಿ ಇಂಥ ಸಂಘವು ಹುಕ್ಕೇರಿಯದೊಂದೇ.

ಈ ಸಂಘವು ಸಗಟಾಗಿ ವಿದ್ಯುತ್ತನ್ನು ಕೊಂಡು ಸದಸ್ಯರಿಗೆ ಹಂಚುತ್ತದೆ. ಮೊದಲು ವಿದ್ಯುನ್ಮಂಡಳಿಯು, 2002ರ ತರುವಾಯ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು ಅದರ ಪೂರೈಕೆದಾರ. ದರವನ್ನು ನಿರ್ಧರಿಸುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ರೈತನಿಗೆ ಪಂಪಿನ ವಿದ್ಯುತ್ತು ಅಗ್ಗವಾಗಿ ಬೇಕು. ಸಂಘಕ್ಕೆ ತಂತಿ, ಕಂಬ, ಸಿಬ್ಬಂದಿಯ ವೆಚ್ಚ ದಕ್ಕಬೇಕು. ಪೂರೈಕೆದಾರನಿಗೆ ಹಣ ಸಕಾಲಕ್ಕೆ ಸಲ್ಲಬೇಕು. ಮೇಲಾಗಿ ಪಂಪಿನ ರೈತನೇ ಸಂಘದ ಮತದಾರ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಗೆ ಕಬ್ಬು ಕಳಿಸುವ ರೈತನು ಎರಡೂ ಸಂಸ್ಥೆಗಳ ಸದಸ್ಯನಾಗಿರಬಲ್ಲನು; ಆಗ ಅವನ ಹಿತವೇ ಇಬ್ಭಾಗವಾಗುತ್ತದೆ.

ಈ ತೂಕ ತಪ್ಪಿದರೆ ಒದಗುವ ಗತಿಯನ್ನು ಮುಳಾ-ಪ್ರವರಾ ತೋರಿಸುತ್ತದೆ. ಅಲ್ಲಿ ಪೂರೈಕೆದಾರನಿಗೆ ಸಲ್ಲಬೇಕಾದ ಬಾಕಿ ಬೆಟ್ಟವಾಗಿ ಬೆಳೆಯಿತು. ಸಗಟು ದರವೇ ಅನ್ಯಾಯದ್ದೆಂಬುದು ಸಂಘದ ವಾದ. ಕೊಟ್ಟ ವಿದ್ಯುತ್ತಿಗೆ ಹಣ ಬರಲಿಲ್ಲವೆಂಬುದು ಪೂರೈಕೆದಾರನ ವಾದ. 2011ರಲ್ಲಿ ಸಂಘವು ವಿತರಣೆಯ ಹಕ್ಕನ್ನು ಕಳೆದುಕೊಂಡಿತು. ಎರಡು ವಾದಗಳಲ್ಲಿ ಯಾವುದು ಸರಿಯಾದರೂ, ನಷ್ಟವಾದದ್ದು ಸದಸ್ಯರ ಸ್ವಾಯತ್ತತೆ.

ಇದರಿಂದ ನಾವು ತಳೆಯುವ ನಿರ್ಣಯವಿಷ್ಟು: ಸಂಸ್ಥೆಗಳ ಕೂಟವು ಕೇವಲ ಸದ್ಭಾವನೆಯಿಂದ ಬಾಳುವುದಿಲ್ಲ. ಯಾರ ಹೊರೆಯನ್ನು ಯಾರು, ಎಷ್ಟು ಹೊರಬೇಕೆಂಬುದು ಮೊದಲೇ ಲೆಕ್ಕದಲ್ಲಿ ಸ್ಪಷ್ಟವಾಗಿರಬೇಕು. ಸರಕಾರವು ರೈತನಿಗೆ ರಿಯಾಯಿತಿ ಘೋಷಿಸಿದರೆ ಅದರ ಹಣವೂ ಸಂಘಕ್ಕೆ ಸಕಾಲದಲ್ಲಿ ಮುಟ್ಟಬೇಕು. ಹಾಗಲ್ಲದಿದ್ದರೆ ಒಬ್ಬನ ಔದಾರ್ಯವು ಮತ್ತೊಬ್ಬನ ಸಾಲವಾಗುತ್ತದೆ.