ಮಕ್ಕಳ ಎಣಿಕೆ ಯಾರ ಹೊಣೆ? ಬೆಳಗಾವಿ ಗಡಿಯಿಂದ ಒಂದು ಅವಲೋಕನ

ಬೆಳಗಾವಿ ನಗರದ ದಕ್ಷಿಣಕ್ಕೆ ಖಾನಾಪುರ, ಪಶ್ಚಿಮಕ್ಕೆ ಮಹಾರಾಷ್ಟ್ರದ ಚಂದಗಡ. ಮಾತು, ಬೇಸಾಯ, ಬೀಗತನ ಎರಡೂ ತಾಲ್ಲೂಕುಗಳಲ್ಲಿ ಬೆರೆತಿವೆ. ಆದರೆ ಕಾಯಿದೆ ಗೊತ್ತುಪಡಿಸಿದ ದಿನಾಂಕದ ತರುವಾಯ ಮೂರನೆಯ ಮಗುವನ್ನು ಪಡೆದವರು ಚಂದಗಡದಲ್ಲಿ ಗ್ರಾಮ ಪಂಚಾಯಿತಿ ಸದಸ್ಯತ್ವಕ್ಕೆ ಅನರ್ಹರು. ಖಾನಾಪುರದಲ್ಲಿ ಆ ನಿರ್ಬಂಧವಿಲ್ಲ.

1956ರ ನವೆಂಬರ್ 1ರವರೆಗೆ ಬೆಳಗಾವಿಯೂ ಮುಂಬಯಿ ರಾಜ್ಯಕ್ಕೆ ಸೇರಿತ್ತು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ಆರಂಭಿಸಿದಾಗ ಅದು ಸಲಹೆಯ ರೂಪದಲ್ಲಿತ್ತು. ತುರ್ತು ಪರಿಸ್ಥಿತಿಯಲ್ಲಿ ಸಲಹೆ ಬಲವಂತವಾಯಿತು. 1976ರಲ್ಲಿ ಮಹಾರಾಷ್ಟ್ರದ ಶಾಸಕಾಂಗವು ಮೂರು ಮಕ್ಕಳ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನೇ ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ದೊರೆಯದೆ ಅದು ಜಾರಿಗೆ ಬರಲಿಲ್ಲ. ಆದರೂ 1976–77ರಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಪುರುಷರಿಗೆ. 1977ರ ಚುನಾವಣೆಯ ಬಳಿಕ ಪುರುಷರು ಹಿಂದೆ ಸರಿದರು, ಹೊರೆ ಸ್ತ್ರೀಯರ ಮೇಲೆ ಬಿತ್ತು. ಇಂದಿಗೂ ಬಹುಮಟ್ಟಿಗೆ ಅವರದೇ ಆಗಿದೆ.

ಎರಡು ಮಕ್ಕಳ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ, ಹರಿಯಾಣದ ಮೊಕದ್ದಮೆಯಲ್ಲಿ, ಎತ್ತಿಹಿಡಿಯಿತು. ಆದರೆ ಪಂಚಾಯಿತಿಯ ಸ್ಥಾನ ಉಳಿಸಿಕೊಳ್ಳಲು ಪತ್ನಿಯನ್ನು ತ್ಯಜಿಸಿದ, ಮಗುವನ್ನು ದತ್ತು ಕೊಟ್ಟ, ಗರ್ಭಪಾತ ಮಾಡಿಸಿದ ಪ್ರಕರಣಗಳು ಇಂಥ ರಾಜ್ಯಗಳಿಂದ ವರದಿಯಾಗಿವೆ. ಇತ್ತ ಆ ನಿಯಮವಿಲ್ಲದ ಕರ್ನಾಟಕದಲ್ಲಿ ಒಟ್ಟು ಫಲವತ್ತತೆ ದರ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1.7ಕ್ಕೆ ಇಳಿದಿದೆ. ದಂಡನೆಯಿಲ್ಲದೆಯೂ ಕುಟುಂಬ ಚಿಕ್ಕದಾಗಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಮಕ್ಕಳ ಸಂಖ್ಯೆಯ ನಿರ್ಧಾರ ದಂಪತಿಗಳ ಆತ್ಮಸಾಕ್ಷಿಗೆ ಸೇರಿದ್ದು, ರಾಜ್ಯಾಧಿಕಾರಕ್ಕಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬೋಧಿಸಿತು. ಗರ್ಭನಿರೋಧದ ಕುರಿತ ಆರನೆಯ ಪೌಲರ 1968ರ ವಿಶ್ವಪತ್ರವನ್ನು ನಾವು ಮೇಲಿಂದ ಮೇಲೆ ಉದ್ಧರಿಸುತ್ತೇವೆ; ಮಹಾಸಭೆಯ ಈ ಮಾತನ್ನು ಅಷ್ಟಾಗಿ ನೆನೆಯುವುದಿಲ್ಲ. ವಿಮೋಚನಾಕಾಂಡದ ಸೂಲಗಿತ್ತಿಯರು ಫರೋಹನ ಆಜ್ಞೆಯನ್ನು ಮೀರಿದ್ದು ತಮ್ಮ ಜನರ ಸಂಖ್ಯಾಬಲಕ್ಕಾಗಿ ಅಲ್ಲ, ದೇವರ ಭಯದಿಂದ.

ಈಗ ಗಾಳಿ ತಿರುಗಿದೆ. 2024ರಲ್ಲಿ ಆಂಧ್ರಪ್ರದೇಶ ತನ್ನ ಎರಡು ಮಕ್ಕಳ ನಿಯಮವನ್ನು ಕೈಬಿಟ್ಟಿತು. ಲೋಕಸಭಾ ಸ್ಥಾನಗಳು ಕುಗ್ಗುವ ಆತಂಕದಿಂದ, ಹೆಚ್ಚು ಮಕ್ಕಳನ್ನು ಪಡೆಯಿರೆಂಬ ಕರೆ ದಕ್ಷಿಣದಲ್ಲಿ ಕೇಳಿಬರುತ್ತಿದೆ. ಸಮುದಾಯಗಳ ಸಂಖ್ಯಾ ಸ್ಪರ್ಧೆಯ ಮಾತೂ ಅದರೊಡನೆ ಸೇರಿದೆ. ಬೇಡವೆನ್ನುವ ರಾಜ್ಯವಾಗಲಿ ಬೇಕೆನ್ನುವ ರಾಜ್ಯವಾಗಲಿ, ಎರಡಕ್ಕೂ ಮಗು ಲೆಕ್ಕದ ಸಾಧನವೇ. ಹೀಗಿರುವಾಗ ನಮ್ಮ ಧರ್ಮಕೇಂದ್ರಗಳಲ್ಲಿ ವಿವಾಹ ಸಿದ್ಧತೆಯ ಬೋಧನೆ ನೀಡುವ ಗುರುಗಳು ದಂಪತಿಗಳಿಗೆ ಸಂಖ್ಯೆಯೊಂದನ್ನು ಸೂಚಿಸದೆ, ಅವರ ಆತ್ಮಸಾಕ್ಷಿಯನ್ನು ರೂಪಿಸಬೇಕು. ಪತ್ನಿಯ ದೇಹಸ್ಥಿತಿಯನ್ನೂ ಮಾತನ್ನೂ ಆ ನಿರ್ಧಾರದಲ್ಲಿ ಮೊದಲು ಗಮನಿಸುವಂತೆ ಪತಿಗೆ ತಿಳಿಹೇಳಬೇಕು.